ಕೊರಳ ಕದ

ಪ್ರಯೋಗಾಲಯದ ಬಾಗಿಲ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲುಗಡೆ, ಒಂದು ಮರದ ತಟ್ಟೆ ಇತ್ತು. ಒಳಗೆ ಹೋಗುವವರು ಮೈಮೇಲಿನ ಕಬ್ಬಿಣವನ್ನೆಲ್ಲ ಅದರಲ್ಲಿ ಬಿಟ್ಟು ಹೋಗಬೇಕು. ಬೀಗದ ಕೈ, ಕೂದಲ ಕ್ಲಿಪ್ಪು, ಬೆಲ್ಟು, ಏನಿದ್ದರೂ ಸರಿಯೇ. ದೊಡ್ಡ ದೊಡ್ಡ ಡಿಗ್ರಿ ಮಾಡಿದವರು ಕೂಡ ವಾರಕ್ಕೊಮ್ಮೆಯಾದರೂ ಮರೆತು ಬೈಸಿಕೊಳ್ಳುತ್ತಿದ್ದರು. ಬೈಯುವ ಅಧಿಕಾರ ಸರ್ವಮಂಗಳಮ್ಮನದು. ಅವರು ಎಸ್ಸೆಸ್ಸೆಲ್ಸಿ ಪಾಸು, ಅದೂ ಎರಡನೆಯ ಸಲಕ್ಕೆ. ಆದರೆ ತಟ್ಟೆಯ ವಿಷಯದಲ್ಲಿ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಅವರು ತುಮಕೂರಿನ ಗಡಿಯಾರದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಕೈಗಡಿಯಾರದ ಹೊಟ್ಟೆಯೊಳಗೆ ಸಾಸಿವೆ ಗಾತ್ರದ ಒಂದು ಅಯಸ್ಕಾಂತ ಇರುತ್ತದೆ. ಸೆಕೆಂಡಿಗೊಮ್ಮೆ ಅದು ಅರ್ಧ ಸುತ್ತು ತಿರುಗುತ್ತದೆ, ಆ ತಿರುಗುವಿಕೆಯೇ ಮುಳ್ಳನ್ನು ಮುಂದಕ್ಕೆ ನೂಕುವುದು. ಆ ಸಾಸಿವೆಯನ್ನು ಹಿತ್ತಾಳೆಯ ಚಿಮುಟದಲ್ಲಿ ಎತ್ತಿ ಅದರ ಮನೆಯೊಳಗೆ ಕೂರಿಸುವುದು ಸರ್ವಮಂಗಳಮ್ಮನ ಕೆಲಸವಾಗಿತ್ತು. ಅಲ್ಲಿಯೂ ಗೇಟಿನಲ್ಲಿ ಹೀಗೇ ಒಂದು ತಟ್ಟೆ. ಬೆಳಗಿನ ಪಾಳಿಯ ಹೆಂಗಸರು ಒಬ್ಬೊಬ್ಬರಾಗಿ ತಾಳಿಸರದಿಂದ, ಬಳೆಯಿಂದ, ಸೆರಗಿನಿಂದ ಪಿನ್ನುಗಳನ್ನು ಬಿಚ್ಚಿ ಹಾಕಿದರೆ ತಟ್ಟೆ ತುಂಬಿ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿತು, ತಟ್ಟೆ ಎಲ್ಲಿ ಹೋಯಿತೋ ಏನೋ, ಅಭ್ಯಾಸ ಮಾತ್ರ ಅವರ ಕೈಯಲ್ಲಿ ಉಳಿಯಿತು.

ಆ ಕೈಯನ್ನು ಹುಡುಕಿಕೊಂಡು ಬಂದವಳು ಈ ಪ್ರಯೋಗಾಲಯ ನಡೆಸುವ ನಿಖತ್. ಮೂವತ್ತನಾಲ್ಕರ ಹುಡುಗಿ, ತಲೆಗೆ ಯಾವಾಗಲೂ ತಿಳಿನೀಲಿ ಸ್ಕಾರ್ಫು, ಮಾತಿಗಿಂತ ಮುಂಚೆ ನಗು. ಗಡಿಯಾರದ ಮುಳ್ಳು ತಿರುಗಿಸುವ ಅಯಸ್ಕಾಂತ ಮನುಷ್ಯರ ಗಂಟಲೊಳಗಿನ ಕದವನ್ನೂ ತಿರುಗಿಸಿದರೆ ಹೇಗೆ? ಹತ್ತು ವರ್ಷದಿಂದ ಈ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಕೂತಿದ್ದಳು ಅವಳು.

ನಮ್ಮೆಲ್ಲರ ಗಂಟಲಿನಲ್ಲಿ ಎರಡು ತಂತುಗಳಿವೆ. ಉಸಿರೆಳೆದಾಗ ಅವು ದೂರ ಸರಿದು ದಾರಿ ಬಿಡುತ್ತವೆ, ಮಾತಾಡುವಾಗ ಹತ್ತಿರ ಬಂದು ನಡುಗುತ್ತವೆ. ನರ ಸತ್ತರೆ ಅವು ಇದ್ದಲ್ಲೇ ನಿಂತುಬಿಡುತ್ತವೆ. ಆಗ ಡಾಕ್ಟರು ಕೇಳುವುದು ಒಂದೇ ಪ್ರಶ್ನೆ, ಉಸಿರು ಬೇಕೋ ಮಾತು ಬೇಕೋ? ಯಾರಾದರೂ ಏನು ಹೇಳಿಯಾರು! ತಂತುಗಳನ್ನು ಪಕ್ಕಕ್ಕೆ ಸರಿಸಿ ಹೊಲಿದು ಉಸಿರು ಉಳಿಸುತ್ತಾರೆ. ಮಾತು ಹೋಗುತ್ತದೆ.

ನಿಖತ್ ಮಾಡಿದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ತಿರುಗುಯಂತ್ರ. ಒಂದು ತಂತುವಿನ ಬುಡದಲ್ಲಿ ಅದನ್ನು ಕೂರಿಸಿದರೆ ಅತ್ತ ಮೂವತ್ತು ಡಿಗ್ರಿ ತಿರುಗಿದಾಗ ಮಾತು, ಇತ್ತ ತಿರುಗಿದಾಗ ಉಸಿರು. ಒಳಗೆ ಬ್ಯಾಟರಿಯಿಲ್ಲ, ವೈರಿಲ್ಲ, ಬರೀ ಅಯಸ್ಕಾಂತ. ಹೊರಗೆ ಕೊರಳಿಗೆ ಅಂಟಿಕೊಂಡಂತೆ ರೂಪಾಯಿ ಅಗಲದ ಒಂದು ಪದಕ. ಮಾತಾಡಬೇಕೆಂದು ಮನಸ್ಸು ಮಾಡಿದರೆ ಕೊರಳ ಸ್ನಾಯು ಬಿಗಿಯುತ್ತದಲ್ಲ, ಅದನ್ನು ಪದಕ ಗುರುತಿಸಿ ತನ್ನೊಳಗಿನ ಅಯಸ್ಕಾಂತದ ಬಿಲ್ಲೆಯನ್ನು ತಿರುಗಿಸುತ್ತದೆ. ಬಿಲ್ಲೆ ತಿರುಗಿದರೆ ಚರ್ಮದಾಚೆಯ ಅಕ್ಕಿಕಾಳೂ ಜೊತೆಗೇ ತಿರುಗುತ್ತದೆ. ಕರೆಂಟು ಬೇಕಾಗುವುದು ತಿರುಗುವ ಆ ಒಂದು ಕ್ಷಣಕ್ಕೆ ಮಾತ್ರ. ತಿರುಗಿದ ಮೇಲೆ ಅದೇ ಜಾಗದಲ್ಲಿ ಹಿಡಿದು ನಿಲ್ಲಿಸಿಕೊಳ್ಳುವುದು ಅಯಸ್ಕಾಂತದ ಸ್ವಭಾವ, ಅದಕ್ಕೆ ಯಾವ ಶಕ್ತಿಯೂ ಬೇಡ. ಈ ಮಾತು ಹೇಳುವಾಗಲೆಲ್ಲ ನಿಖತ್ ಕಣ್ಣು ಅರಳುತ್ತಿತ್ತು.

"ಹೊರಗಿನ ಸೆಳೆತ ಕಮ್ಮಿಯಾದ್ರೆ ಕಾಳು ತಾನಾಗೇ ಉಸಿರಿನ ಕಡೆಗೆ ಹೋಗಿ ನಿಲ್ಲತ್ತೆ ಅಕ್ಕಾ," ಎಂದು ಅವಳು ಮೊದಲ ದಿನವೇ ವಿವರಿಸಿದ್ದಳು. "ಏನೇ ಕೆಟ್ರೂ ಉಸಿರು ನಿಲ್ಲಬಾರದು. ಮಾತು ಆಮೇಲೆ."

"ಅಷ್ಟು ಮಾಡಿದ್ದೀಯಲ್ಲ, ಸಾಕು ಬಿಡು ಮಗಾ," ಎಂದಿದ್ದರು ಸರ್ವಮಂಗಳಮ್ಮ. ಆ ಕಾಳುಗಳನ್ನು ಕೂರಿಸುವ ಕೈ ಅವರದು. ಮೊದಲು ಮೇಡಮ್ ಎನ್ನುತ್ತಿದ್ದ ಅವರು ಯಾವತ್ತು ಮಗಾ ಎನ್ನಲು ಶುರು ಮಾಡಿದರೋ ಇಬ್ಬರಿಗೂ ನೆನಪಿಲ್ಲ.

*

ಯಂತ್ರವನ್ನು ಗಂಟಲಲ್ಲಿ ಹಾಕಿಸಿಕೊಂಡ ಮೊದಲನೆಯವಳು ಹೇಮಾವತಿ. ಅವರೂರಿನ ಪಕ್ಕದ ಕಾಲುವೆಗೆ ಹೇಮಾವತಿ ನದಿಯ ನೀರು ಹರಿದ ವರ್ಷ ಹುಟ್ಟಿದ್ದಕ್ಕೆ ಆ ಹೆಸರು. ಗಂಡ ಜುಂಜಣ್ಣನದು ಕಳ್ಳಂಬೆಳ್ಳದ ಹತ್ತಿರ, ಹೆದ್ದಾರಿಯ ಪಕ್ಕದಲ್ಲೇ, ಟೈರು ಪಂಕ್ಚರ್ ಅಂಗಡಿ. ಹಿಂದುಗಡೆ ಮನೆ. ಮಗಳು ಇಂಪನಳಿಗೆ ಎಂಟು ತಿಂಗಳಿದ್ದಾಗ ಕೊರಳಿನ ಗಡ್ಡೆಗೆ ಆಪರೇಷನ್ನಾಯಿತು. ಗಡ್ಡೆ ಹೋಯಿತು, ಜೊತೆಯಲ್ಲಿ ತಂತುಗಳ ನರ ಸತ್ತು ದನಿಯೂ ಹೋಯಿತು. ಕೊರಳ ಕೆಳಗೆ ಉಸಿರಿಗೊಂದು ನಳಿಕೆ ಬಂತು.

ಇಂಪನಳಿಗೆ ಈಗ ಮೂರೂವರೆ ವರ್ಷ. ಅಮ್ಮನೆಂದರೆ ಅವಳಿಗೆ ಎರಡು ಚಪ್ಪಾಳೆ. ಹೇಮಾವತಿ ಎರಡು ಸಲ ಚಪ್ಪಾಳೆ ತಟ್ಟಿದರೆ ಮಗು ಎಲ್ಲಿದ್ದರೂ ಓಡಿ ಬರುತ್ತಿತ್ತು. ಒಂದು ದಿನ ಮಾತ್ರ ಬರಲಿಲ್ಲ. ನಾಯಿಮರಿಯ ಹಿಂದೆ ಹೆದ್ದಾರಿಯ ಕಡೆಗೆ ಹೊರಟಿತ್ತು. ಅಂಗಡಿಯ ಗಾಳಿ ಯಂತ್ರ ಬಡಬಡ ಹೊಡೆದುಕೊಳ್ಳುತ್ತಿತ್ತು. ಹೇಮಾವತಿ ಅಂಗೈ ಕೆಂಪಾಗುವ ಹಾಗೆ ತಟ್ಟಿದರೂ ಅದಕ್ಕೆ ಕೇಳಿಸಲಿಲ್ಲ. ಟೀ ಅಂಗಡಿಯವನು ಹಾರಿ ಮಗುವಿನ ಲಂಗ ಹಿಡಿದು ಎಳೆದುಕೊಂಡ. ಎದುರಿಗೇ ಬಂದ ಲಾರಿ ಹಾಗೇ ಹೊರಟು ಹೋಯಿತು. ಪ್ರಯೋಗಕ್ಕೆ ಒಪ್ಪುತ್ತೀರಾ ಎಂದು ನಿಖತ್ ಕೇಳಿದಾಗ ಹೇಮಾವತಿ ಈ ಕಥೆಯನ್ನು ಮೊಬೈಲಿನಲ್ಲಿ ಬರೆದು ತೋರಿಸಿ, ಕೆಳಗೆ ಒಂದು ಸಾಲು ಸೇರಿಸಿದ್ದಳು. "ಒಂದು ಹೆಸರು ಕೂಗಕ್ಕಾದ್ರೆ ಸಾಕು. ಬೇರೆ ಏನೂ ಮಾತು ಬೇಡ."

ಮೊದಲ ಪರೀಕ್ಷೆಯ ದಿನ ಮಗುವನ್ನು ಜುಂಜಣ್ಣನ ಹತ್ತಿರ ಬಿಟ್ಟು ಅವಳೊಬ್ಬಳೇ ಬಂದಿದ್ದಳು. ಯಂತ್ರ ಕೂರಿಸಿದ ಡಾಕ್ಟರು, ಉಸಿರು ಗಂಟಲಿನಿಂದಲೇ ಹೊರಬರಲೆಂದು, ನಳಿಕೆಗೆ ಪುಟ್ಟ ಮುಚ್ಚಳ ಹಾಕಿದರು. ನಿಖತ್ ಪದಕ ಕಟ್ಟಿದಳು. "ಆ ಅನ್ನಿ," ಎಂದಳು. ಹೇಮಾವತಿ ಬಾಯಿ ತೆರೆದಳು. ಟಿಕ್ ಎಂದು ಸಣ್ಣ ಸದ್ದು, ಆಮೇಲೆ ಒರಟೊರಟಾಗಿ, ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ ಒಂದು 'ಆ' ಹೊರಗೆ ಬಂತು. ಹೇಮಾವತಿ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದಳು, ಬೇರೆ ಯಾರೋ ಕೂಗಿದರು ಎನ್ನುವಂತೆ. ಆಮೇಲೆ ಅತ್ತಳು. ನಿಖತ್ ಕೂಡ ಅತ್ತಳು. ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಏನೂ ಇಲ್ಲದ ಕಡೆ ನೋಡುತ್ತ ನಿಂತರು.

ಇನ್ನೇನು ಹೊರಡಬೇಕು ಎನ್ನುವಾಗ ಹೇಮಾವತಿಯ ಸೆರಗು ಅಳುವಿನ ಗಲಾಟೆಯಲ್ಲಿ ಎಲ್ಲೆಲ್ಲೋ ಜಾರಿತ್ತು. ಸರ್ವಮಂಗಳಮ್ಮ ಬಾಗಿಲಾಚೆ ಅವಳನ್ನು ನಿಲ್ಲಿಸಿ, ತಟ್ಟೆಯಿಂದ ತಮ್ಮ ಪಿನ್ನಿನ ಗೊಂಚಲು ಎತ್ತಿಕೊಂಡು, ನೆರಿಗೆ ಹಿಡಿದು ಭುಜಕ್ಕೆ ಒಂದು ಹಾಕಿದರು. ಅವರ ಮನಸ್ಸು ಎಷ್ಟು ತುಂಬಿ ಬಂದಿತ್ತೆಂದರೆ ಒಂದು ಪಿನ್ನಿಗೆ ಅದು ನಿಲ್ಲಲಿಲ್ಲ. ಉಳಿದ ನಾಲ್ಕನ್ನೂ ಅವಳ ಅಂಗೈಗಿಟ್ಟು ಬೆರಳು ಮಡಿಚಿದರು.

"ಇಟ್ಕಳವ್ವಾ. ಬಸ್ಸಿನಾಗೆ ಹೋಗೋಳು. ಹೆಣ್ಮಕ್ಕಳ ಹತ್ರ ನಾಕು ಪಿನ್ನಿರಬೇಕು."

ಹೇಮಾವತಿ ಅದನ್ನು ಬಂಗಾರ ಸಿಕ್ಕಿದವಳ ಹಾಗೆ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು.

*

ಸರ್ವಮಂಗಳಮ್ಮನ ಗಂಡ ಶಿವನಂಜಪ್ಪ ರಿಟೈರಾದ ಡ್ರಿಲ್ ಮಾಸ್ತರರು. ಮೂವತ್ತೆರಡು ವರ್ಷ ಮೈದಾನದಲ್ಲಿ ಕೂಗಿ ಕೂಗಿ, ಈಗ ಉಪ್ಪು ಕೇಳುವುದಕ್ಕೂ ಮೂರು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು.

"ಏನು, ಇವತ್ತು ನಿಮ್ಮ ಅಯಸ್ಕಾಂತ ಮಾತಾಡ್ತೋ?"

"ಮಾತಾಡ್ತು ಕಣ್ರೀ!" ಸರ್ವಮಂಗಳಮ್ಮ ಚಪ್ಪಲಿಯನ್ನೂ ಬಿಡದೆ ಹೇಳಿದರು. "ಆ ಅಂದ್ಳು. ಇಷ್ಟೊತ್ತಿಗೆ ಮನೆ ಮುಟ್ಟಿರ್ತಾಳೆ. ಮಗೀನ ಹೆಸ್ರು ಕೂಗಿರ್ತಾಳೆ."

ಅವರು ಅನ್ನಕ್ಕಿಟ್ಟು ಮೊಬೈಲು ನೋಡುವುದು, ಸಾರು ಕುದಿಸಿ ಮೊಬೈಲು ನೋಡುವುದು. ಕೊನೆಗೆ ಸಂದೇಶ ಬಂತು. "ಬರಲಿಲ್ಲ ಅಕ್ಕ. ಬಸ್ಸಿನಲ್ಲೆಲ್ಲ ಬಾಯಿ ಬಿಡದೆ ಆ ಒಂದು ಮಾತನ್ನ ಜೋಪಾನ ಮಾಡಿಕೊಂಡು ಬಂದೆ. ಬಾಗಿಲಲ್ಲಿ ನಿಂತು ಕೂಗಿದೆ. ಬರೀ ಗಾಳಿ."

ಸರ್ವಮಂಗಳಮ್ಮ ಅದನ್ನು ಗಂಡನಿಗೆ ಓದಿ ಹೇಳಿದರು. ಶಿವನಂಜಪ್ಪ ಅವತ್ತು ಉಪ್ಪು ಕಮ್ಮಿಯಾಗಿದ್ದ ಸಾರನ್ನು ಏನೂ ಕೇಳದೆ ಉಂಡರು.

*

ಮೂರು ವಾರ ಹೀಗೇ ನಡೆಯಿತು. ಪ್ರಯೋಗಾಲಯಕ್ಕೆ ಬಂದರೆ ದನಿ ಬರುತ್ತದೆ, ಮನೆಗೆ ಹೋದರೆ ಇಲ್ಲ. ಎರಡನೆಯ ಸಲ ಬಂದಾಗ 'ಅಮ್ಮ' ಎಂದಳು, ಮೂರನೆಯ ಸಲಕ್ಕೆ ಹತ್ತರವರೆಗೆ ಎಣಿಸಿದಳು. ಅದೇ ಸಂಜೆ ಮನೆಯಿಂದ ಮತ್ತೆ ಅದೇ ಸಂದೇಶ, ಬರೀ ಗಾಳಿ. ಪದಕ ದಾಖಲಿಸಿದ್ದನ್ನೆಲ್ಲ ನಿಖತ್ ಪರದೆಯ ಮೇಲೆ ಹರಡಿಕೊಂಡು ಕೂತಳು. ಮನೆಯಲ್ಲಿ ದಿನಕ್ಕೆ ನೂರು ಸಲ, ಇನ್ನೂರು ಸಲ ಕೊರಳು ಬಿಗಿದಿತ್ತು. ಪ್ರತಿ ಸಲವೂ ಹೊರಗಿನ ಬಿಲ್ಲೆ ಸರಿಯಾಗಿಯೇ ತಿರುಗಿತ್ತು. ದನಿ ಮಾತ್ರ ಒಂದು ಸಲವೂ ಇಲ್ಲ.

"ಇನ್ನೂರು ಸಲ ಕೂಗಿದ್ದಾಳೆ ಅಕ್ಕಾ," ಎಂದಳು ನಿಖತ್. ಅವಳ ನಗು ಈಚೆಗೆ ಕಾಣೆಯಾಗಿತ್ತು.

ಅವಳು ಎಲ್ಲ ಮಾಡಿ ನೋಡಿದಳು. ಬ್ಯಾಟರಿ ಬದಲಾಯಿಸಿದಳು. ಒಲೆಯ ಕಾವಿಗೆ ಅಯಸ್ಕಾಂತ ಸೊರಗಿತೇ ಎಂದು ಅಳೆದಳು, ಸೊರಗಿರಲಿಲ್ಲ. ನಲವತ್ತೆರಡು ಪ್ರಶ್ನೆಗಳ ಫಾರಮ್ಮನ್ನು ಮತ್ತೆ ತುಂಬಿಸಿದಳು. ಮನೆಯಲ್ಲಿ ದೊಡ್ಡ ಸ್ಪೀಕರ್ ಇದೆಯೇ? ಇಲ್ಲ. ಕೊರಳಲ್ಲಿ ಕಬ್ಬಿಣ ಅಥವಾ ಸ್ಟೀಲಿನ ಸರ, ಆಭರಣ? ಇಲ್ಲ. ಹೇಮಾವತಿ ಸುಳ್ಳು ಬರೆಯುವವಳಲ್ಲ. ಫಾರಮ್ಮು ತುಂಬುವಾಗ ಸರ್ವಮಂಗಳಮ್ಮನೂ ಪಕ್ಕದಲ್ಲೇ ಇದ್ದರು. ಬಾಗಿಲಾಚೆಯ ತಟ್ಟೆಯಲ್ಲಿ ಎಲ್ಲರ ಬೀಗದ ಕೈಗಳ ಜೊತೆ ತಮ್ಮ ಐದು ಪಿನ್ನುಗಳನ್ನು ನೋಡಿ, ಪರವಾಗಿಲ್ಲ, ಹುಡುಗಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದ್ದರು ಕೂಡ.

ಡಾಕ್ಟರು ಯೋಚನೆಗೆ ಬಿದ್ದರು. ಹೆದ್ದಾರಿಯ ಧೂಳು, ಟೈರಿನ ಹೊಗೆ. ಮನೆಯಲ್ಲಿ ಗಂಟಲು ಊದುತ್ತಿರಬೇಕು, ಇಲ್ಲಿಗೆ ಬಂದು ಒಂದು ಗಂಟೆ ತಣ್ಣಗೆ ಕೂತರೆ ಇಳಿಯುತ್ತಿರಬೇಕು. ಊತ ಹೆಚ್ಚಾದರೆ ಕಾಳು ನಡುದಾರಿಯಲ್ಲಿ ಸಿಕ್ಕಿಕೊಂಡು ಉಸಿರಿಗೇ ಅಡ್ಡ ಬರಬಹುದು.

"ಶನಿವಾರ ತೆಗೆದುಬಿಡೋಣ," ಎಂದರು ಅವರು. ಒಳ್ಳೆಯ ಮನುಷ್ಯ, ಹೇಳುವಾಗ ದನಿ ಕುಗ್ಗಿತ್ತು. "ಒಮ್ಮೆ ತೆಗೆದ್ರೆ ಆ ಜಾಗ ಗಾಯ ಮಾಗಿ ಗಟ್ಟಿಯಾಗತ್ತೆ. ಮತ್ತೆ ಹಾಕೋಕಾಗಲ್ಲ. ಅದನ್ನ ಆಕೆಗೆ ಹೇಳಿ."

ಹೇಳಿದ್ದು ಸರ್ವಮಂಗಳಮ್ಮ. ಹೇಮಾವತಿ ಅಳಲಿಲ್ಲ. ಮೊಬೈಲಿನಲ್ಲಿ ಬಹಳ ಹೊತ್ತು ಬರೆದು, ಅಳಿಸಿ, ಬರೆದು, ಕೊನೆಗೆ ತೋರಿಸಿದ್ದು ಇಷ್ಟೇ. "ಶನಿವಾರ ಮಗೂನ ಇಲ್ಲಿಗೇ ಕರ್ಕೊಂಡು ಬರ್ಲಾ ಅಕ್ಕ? ತೆಗೆಯೋಕೆ ಮುಂಚೆ ಒಂದ್ಸಲ ಇಲ್ಲೇ ಕೂಗ್ತೀನಿ."

ಸರ್ವಮಂಗಳಮ್ಮನಿಗೆ ಅವಳ ಮುಖ ನೋಡಲಾಗಲಿಲ್ಲ. "ಕರ್ಕಂಬಾ," ಎಂದು ಹೇಳಿ ಒಳಗೆ ಹೋಗಿಬಿಟ್ಟರು.

*

ಗುರುವಾರ ಸಂಜೆ ಶಿವನಂಜಪ್ಪ ಪೈಜಾಮ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಲಾಡಿಯ ಒಂದು ತುದಿ ಒಳಗೆ ಸೇರಿಕೊಂಡಿತ್ತು.

"ಪಿನ್ನು ಕೊಡೇ!"

ಈ ದೇಶದಲ್ಲಿ ಪೈಜಾಮಕ್ಕೆ ಲಾಡಿ ಪೋಣಿಸುವುದಕ್ಕೆ ಪಿನ್ನಿಗಿಂತ ದೊಡ್ಡ ಯಂತ್ರವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಸರ್ವಮಂಗಳಮ್ಮ ಬೇಳೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು, ನೋಡದೆಯೇ, ನಲವತ್ತು ವರ್ಷದ ಅಭ್ಯಾಸದಂತೆ ಎಡಗೈ ಬಳೆಗೆ ಕೈ ಹಾಕಿದರು. ಬರೀ ಬಳೆ.

"ಇಲ್ಲ ಕಣ್ರೀ. ಹೇಮಾವತಿಗೆ ಕೊಟ್ಬಿಟ್ಟೆ."

"ಎಲ್ಲಾನೂವಾ?"

"ಎಲ್ಲಾನೂ. ಹೊಸದು ತಗೋಬೇಕು ಅಂತ ದಿನಾ ಮರೀತೀನಿ."

"ಐದು ಪಿನ್ನನ್ನೂ ದಾನ ಮಾಡಿದ ಮಹಾತಾಯಿ!" ಶಿವನಂಜಪ್ಪ ಪೈಜಾಮವನ್ನು ಬಾವುಟದ ಹಾಗೆ ಎತ್ತಿ ತೋರಿಸಿದರು. "ಆ ಹುಡುಗಿ ಅದನ್ನೆಲ್ಲ ಎಲ್ಲಿ ಚುಚ್ಕತಾಳೆ? ಕಂಕುಳಲ್ಲಿ ಮಗು ಬೇರೆ. ಅದರ ಕೆನ್ನೆಗೆ ಚುಚ್ಚಲ್ವೇನೇ?"

ಸರ್ವಮಂಗಳಮ್ಮ ನಗಬೇಕೆಂದಿದ್ದರು, ನಗು ಬರಲಿಲ್ಲ. ಚುಚ್ಚುತ್ತದೆ. ಮಗುವಿರುವ ತಾಯಿ ಎದೆಯ ಮೇಲೆ ಪಿನ್ನು ಬಿಟ್ಟುಕೊಳ್ಳುವುದಿಲ್ಲ. ಎತ್ತಿಕೊಳ್ಳುವ ಮೊದಲು ತೆಗೆದು ಎಲ್ಲಾದರೂ ಇಡುತ್ತಾಳೆ. ಎಲ್ಲಿಡುತ್ತಾಳೆ? ಕೊರಳಲ್ಲೇ ಒಂದು ಅಯಸ್ಕಾಂತ ಇದ್ದರೆ, ಇಟ್ಟದ್ದು ಬೀಳದ ಹಾಗೆ ಅದು ಹಿಡಿದುಕೊಳ್ಳುತ್ತಿದ್ದರೆ, ಯಾವ ಹೆಂಗಸಾದರೂ ಎಲ್ಲಿಡುತ್ತಾಳೆ?

ಅವರು ಕೈಯಲ್ಲಿದ್ದ ಬೇಳೆಯ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟರು. ಕಾರ್ಖಾನೆಯ ಗೇಟಿನ ತಟ್ಟೆ ಕಣ್ಣ ಮುಂದೆ ಬಂತು. ಒಂದು ದಿನ ಜಡೆಯಲ್ಲಿ ಮರೆತ ಒಂದೇ ಒಂದು ಪಿನ್ನಿಗೆ ಒಂದು ತಟ್ಟೆ ಸಾಸಿವೆ ಅಯಸ್ಕಾಂತಗಳು ಇರುವೆಗಳಂತೆ ಮುತ್ತಿಕೊಂಡದ್ದು, ಮೇಲ್ವಿಚಾರಕಿ ಎಲ್ಲರೆದುರು ನಿಲ್ಲಿಸಿ ಬೈದದ್ದು. ಹತ್ತೊಂಬತ್ತು ವರ್ಷ ಪಿನ್ನು ಬಿಚ್ಚಿಟ್ಟು ಒಳಗೆ ಹೋದ ಕೈ ಇದು. ಇದೇ ಕೈ ಆ ಹುಡುಗಿಯ ಭುಜಕ್ಕೊಂದು ಹಾಕಿ, ಅಂಗೈಯಲ್ಲಿ ನಾಲ್ಕು ಪಿನ್ನಿಟ್ಟು ಬೆರಳು ಮಡಿಚಿತ್ತು.

"ನಾನೇ ಕಣ್ರೀ," ಎಂದರು ಅವರು. "ನಾನೇ ಅವಳ ದನಿ ಕಿತ್ಕಂಡಿದ್ದು."

ಶಿವನಂಜಪ್ಪನಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಹೆಂಡತಿಯ ಮುಖ ನೋಡಿ ಪೈಜಾಮವನ್ನು ಅಲ್ಲೇ ಬಿಟ್ಟು, ಉಟ್ಟ ಲುಂಗಿಯಲ್ಲೇ ಸ್ಕೂಟರು ಹೊರಗೆ ತೆಗೆದರು.

*

ನಿಖತ್ ಇನ್ನೂ ಮನೆಗೆ ಹೋಗಿರಲಿಲ್ಲ. ಸರ್ವಮಂಗಳಮ್ಮ ದಾರಿಯಲ್ಲಿ ಅಂಗಡಿಯಿಂದ ಐದು ಪಿನ್ನು ಕೊಂಡು ತಂದಿದ್ದರು. ಬಾಗಿಲ ಪಕ್ಕದ ತಟ್ಟೆಗೆ ಹಾಕದೆ ಪಿನ್ನು ಹಿಡಿದುಕೊಂಡೇ ಒಳಗೆ ಬಂದದ್ದು ಜೀವಮಾನದಲ್ಲಿ ಅದೇ ಮೊದಲು.

ಅವರು ಹೇಳಿದ್ದನ್ನೆಲ್ಲ ಕೇಳಿ ನಿಖತ್ ಇನ್ನೊಂದು ಪದಕ ತಂದಳು. ಮೇಜಿನ ಮೇಲೆ ರಬ್ಬರಿನ ಗಂಟಲೊಂದಿತ್ತು, ಅದರೊಳಗೆ ಅಕ್ಕಿಕಾಳು. ಗುಂಡಿ ಒತ್ತಿದಳು. ಬಿಲ್ಲೆ ತಿರುಗಿತು, ಕಾಳೂ ತಿರುಗಿತು. ಪದಕದ ಸುತ್ತಂಚಿಗೆ ಒಂದು ಪಿನ್ನು ಹಚ್ಚಿದಳು. ಕಾಳು ತಿರುಗಿತು. ಎರಡು. ತಿರುಗಿತು, ಸ್ವಲ್ಪ ತಡವಾಗಿ. ಮೂರನೆಯದಕ್ಕೆ ನಡುಗಿ ಹಿಂದಕ್ಕೆ ಬಂತು. ಐದು ಪಿನ್ನು ಹಚ್ಚಿದಾಗ ಬಿಲ್ಲೆ ಒಂದೇ ಸಮ ಟಿಕ್ ಟಿಕ್ ಎಂದು ತಿರುಗುತ್ತಲೇ ಇತ್ತು, ಕಾಳು ಉಸಿರಿನ ಕಡೆಗೆ ಹೋಗಿ ಅಲ್ಲಾಡದೆ ಕೂತಿತ್ತು.

ಅಯಸ್ಕಾಂತದ ಸೆಳೆತಕ್ಕೆ ಗಾಳಿಗಿಂತ, ಮಾಂಸಕ್ಕಿಂತ ಕಬ್ಬಿಣದ ದಾರಿ ಸಲೀಸು. ತೂಬು ಒಡೆದ ಕಾಲುವೆಯ ನೀರು ಗದ್ದೆ ಮುಟ್ಟದೆ ಅಲ್ಲೇ ಹರಿದು ಹೋಗುವಂತೆ, ಪದಕದ ಸೆಳೆತವೆಲ್ಲ ಪಿನ್ನುಗಳಲ್ಲೇ ಸುತ್ತಿ ಪದಕಕ್ಕೆ ವಾಪಸಾಗುತ್ತಿತ್ತು. ಗಂಟಲೊಳಗಿನ ಕಾಳಿಗೆ ಮುಟ್ಟುತ್ತಿದ್ದದ್ದು ಏನೇನೂ ಸಾಲದು.

ನಿಖತ್ ಮುಖ ಮುಚ್ಚಿಕೊಂಡಳು. ಸರ್ವಮಂಗಳಮ್ಮ ಬೈಗುಳಕ್ಕೆ ಸಿದ್ಧರಾಗಿ ನಿಂತರು.

"ನಂದೇ ತಪ್ಪು ಮಗಾ. ಬೇಕಾದ್ರೆ ನಾಳೆಯಿಂದ ಬರಲ್ಲ."

"ಅಕ್ಕಾ," ನಿಖತ್ ಕೈ ತೆಗೆದಾಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಗದ್ದದ ಕೆಳಗಿನ ಸ್ಕಾರ್ಫಿನ ಅಂಚನ್ನು ಬೆರಳಲ್ಲಿ ಎತ್ತಿ ತೋರಿಸಿದಳು. ಅಲ್ಲಿ ಒಂದು ಪ್ಲಾಸ್ಟಿಕ್ಕಿನ ಕೊಂಡಿ. "ಇಲ್ಲಿಗೆ ಬರೋವಾಗ ದಿನಾ ಬೆಳಗ್ಗೆ ಇಲ್ಲಿಂದ ಪಿನ್ನು ತೆಗೆದು ಇದನ್ನ ಹಾಕ್ಕೋತೀನಿ. ಹತ್ತು ವರ್ಷದಿಂದ, ಇದೇ ಕೊರಳಿಂದ. ನಲವತ್ತೆರಡು ಪ್ರಶ್ನೆ ಬರೆದವಳು ನಾನು. ಪಿನ್ನು ಇದೆಯಾ ಅಂತ ಒಂದು ಪ್ರಶ್ನೆ ನನಗೆ ಹೊಳೀಲಿಲ್ಲ. ಆಭರಣ ಇದೆಯಾ ಅಂದ್ರೆ ಅವಳು ಇಲ್ಲ ಅಂದ್ಲು. ಪಿನ್ನನ್ನ ಯಾರು ಆಭರಣ ಅಂತಾರೆ? ಇಲ್ಲಿಗೆ ಬಂದಾಗೆಲ್ಲ ತಟ್ಟೆಗೆ ಹಾಕಿ ಒಳಗೆ ಬಂದಿದ್ದಾಳೆ. ನಮ್ಮ ಶಿಸ್ತೇ ನಮ್ಮ ಕಣ್ಣು ಕಟ್ತು ನೋಡಿ."

ಅವಳು ಅಲ್ಲೇ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, "ನಾಳೆ ಹೋಗಿ ನೋಡಿ. ಮನೆಯಲ್ಲಿ ದನಿ ಬಂದ್ರೆ ಶನಿವಾರದ್ದು ಬೇಡ," ಎಂದರು.

*

ಶುಕ್ರವಾರ ಬೆಳಗ್ಗೆ ಅವರಿಬ್ಬರನ್ನು ಅಂಗಳದಲ್ಲಿ ಕಂಡ ಹೇಮಾವತಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಕೈ ತಾನಾಗಿ ಪದಕದ ಮೇಲೆ ಹೋಯಿತು. ಒಂದು ದಿನ ಮುಂಚೆಯೇ ತೆಗೆಯಲು ಬಂದರು ಎಂದುಕೊಂಡಿದ್ದಳು.

"ಹೆದರಬ್ಯಾಡ ಕಣವ್ವ," ಎಂದು ಸರ್ವಮಂಗಳಮ್ಮ ಹತ್ತಿರ ಹೋಗಿ ಮೆಲ್ಲಗೆ ಆ ಕೈ ಸರಿಸಿದರು. ಅಲ್ಲೇ ಇದ್ದವು. ಐದೂ ಪಿನ್ನು, ಪದಕದ ಅಂಚಿನ ಸುತ್ತ ಅಂದವಾಗಿ, ಒಂದೇ ಅಳತೆಯಲ್ಲಿ, ಹೂವಿನ ಎಸಳಿನ ಹಾಗೆ ಜೋಡಿಸಿಟ್ಟಿದ್ದಳು. ಅದನ್ನು ನೋಡಿ ಸರ್ವಮಂಗಳಮ್ಮನಿಗೆ ದುಃಖ ಒತ್ತರಿಸಿ ಬಂತು.

"ನಾನ್ ಕೊಟ್ಟಿದ್ದು ವಾಪಸ್ ಕೊಡವ್ವ."

ಹೇಮಾವತಿಯ ತುಟಿ ಅಲುಗಿತು. ಯಾಕೆ, ಎಂದು ಕೇಳುತ್ತಿದ್ದಳು. ಮಗುವಿನ ಕಡೆ ಬೆರಳು ತೋರಿಸಿ ತನ್ನ ಕೆನ್ನೆಗೆ ಚುಚ್ಚಿದ ಹಾಗೆ ಅಭಿನಯಿಸಿದಳು. ಅದಕ್ಕೇ ಇಲ್ಲಿ ಇಟ್ಟಿದ್ದೇನೆ, ನೋಡಿ, ಬೀಳುವುದೂ ಇಲ್ಲ.

"ಗೊತ್ತು ಕಣವ್ವ, ಗೊತ್ತು. ನಾನಾಗಿದ್ರೂ ಅಲ್ಲೇ ಇಡ್ತಿದ್ದೆ." ಸರ್ವಮಂಗಳಮ್ಮ ಒಂದೊಂದೇ ಪಿನ್ನನ್ನು ಉಗುರಿನಲ್ಲಿ ಬಿಡಿಸಿದರು. ಅಯಸ್ಕಾಂತ ಅಷ್ಟು ಸುಲಭಕ್ಕೆ ಬಿಡಲಿಲ್ಲ, ಪ್ರತಿಯೊಂದನ್ನೂ ಎಳೆದೇ ತೆಗೆಯಬೇಕಾಯಿತು. ಐದನೆಯದು ಬಂದ ಮೇಲೆ ಮುಷ್ಟಿ ಮುಚ್ಚಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ನಿಂತರು. ನಿಖತ್ ನಳಿಕೆಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡಿದಳು.

ಇಂಪನ ಅಂಗಡಿಯ ಮುಂದೆ ಹಳೆಯ ಟೈರೊಂದರೊಳಗೆ ಕೂತು ಮಣ್ಣಿನ ಇಡ್ಲಿ ಮಾಡುತ್ತಿದ್ದಳು. ಜುಂಜಣ್ಣ ಯಾವುದೋ ಟ್ರಾಕ್ಟರಿನ ಟೈರಿಗೆ ಗಾಳಿ ತುಂಬುತ್ತಿದ್ದ. ಯಂತ್ರ 'ಬಡಬಡಬಡ' ಎನ್ನುತ್ತಿತ್ತು.

"ಈಗ ಕೂಗಿ," ಎಂದಳು ನಿಖತ್.

ಹೇಮಾವತಿ ಬಾಯಿ ತೆರೆದಳು, ಮುಚ್ಚಿದಳು. ಈ ಅಂಗಳದಲ್ಲಿ ಸಾವಿರಾರು ಸಲ ಬರೀ ಗಾಳಿಯಾದ ಮಾತದು. ಕಣ್ಣು ಮುಚ್ಚಿಕೊಂಡಳು. ಟಿಕ್.

"ಇಂಪನಾ!"

ದನಿ ಒರಟಾಗಿತ್ತು, ನಡುವೆ ಒಡೆದಿತ್ತು. ಜುಂಜಣ್ಣನ ಕೈಯಿಂದ ಪೈಪು ಜಾರಿ ಬಿತ್ತು. ಇಂಪನ ತಲೆಯೆತ್ತಿದಳು. ಸರ್ವಮಂಗಳಮ್ಮನನ್ನು ನೋಡಿದಳು, ನಿಖತ್‌ಳನ್ನು ನೋಡಿದಳು. ಬಂದ ನೆಂಟರಲ್ಲಿ ಯಾರು ಕರೆದರು ಎಂದು ಹುಡುಕುತ್ತಿದ್ದಳು. ಅಮ್ಮನ ಕಡೆ ನೋಡಲೇ ಇಲ್ಲ. ಅಮ್ಮ ಎಲ್ಲಿ ಮಾತಾಡುತ್ತಾಳೆ! ಮತ್ತೆ ಇಡ್ಲಿಗೆ ಕೈ ಹಾಕಿದಳು.

ಹೇಮಾವತಿಯ ಮುಖದ ಬಣ್ಣ ಇಳಿಯಿತು. ಸರ್ವಮಂಗಳಮ್ಮನಿಗೆ ಓಡಿಹೋಗಿ ಮಗುವಿನ ಭುಜ ಹಿಡಿದು ತಿರುಗಿಸಿಬಿಡೋಣ ಎನ್ನಿಸಿತು. ಹೋಗಲಿಲ್ಲ. ಹೇಮಾವತಿ ಎರಡು ಕೈಯೆತ್ತಿ ಚಪ್ಪಾಳೆ ತಟ್ಟಿದಳು. ಒಂದು, ಎರಡು. ಅದರ ಬೆನ್ನಿಗೇ ಹೆಸರು.

"ಇಂಪನಾ!"

ಮಗು ತಿರುಗಿತು. ಚಪ್ಪಾಳೆ ಅಮ್ಮನದು. ಹೆಸರೂ ಅದೇ ಕಡೆಯಿಂದ ಬಂದಿತ್ತು. ಟೈರಿನಿಂದ ಎದ್ದು ಬಂದು, ಒಂದು ಮಾರು ದೂರದಲ್ಲಿ ನಿಂತು, ಅಮ್ಮನ ಬಾಯನ್ನೇ ನೋಡಿತು.

"ಇಂಪನಾ," ಎಂದಳು ಹೇಮಾವತಿ ಮತ್ತೊಮ್ಮೆ. ಈ ಸಲ ಚಪ್ಪಾಳೆಯಿಲ್ಲ.

ಮಗು ಮಣ್ಣಿನ ಕೈಯನ್ನು ಅಮ್ಮನ ತುಟಿಯ ಮೇಲಿಟ್ಟು ತಡವಿ ನೋಡಿತು, ಆಮೇಲೆ ಪದಕದ ಮೇಲಿಟ್ಟಿತು. ಏನು ಯೋಚಿಸಿತೋ, ಎರಡು ಹೆಜ್ಜೆ ಹಿಂದೆ ಸರಿದು, ತಾನೇ ಪುಟ್ಟ ಕೈಗಳಿಂದ ಎರಡು ಸಲ ಚಪ್ಪಾಳೆ ತಟ್ಟಿತು. ಇಷ್ಟು ದಿನ ಅಮ್ಮ ತನ್ನನ್ನು ಕರೆದ ಹಾಗೆ, ಈಗ ಅದು ಅಮ್ಮನ ದನಿಯನ್ನು ಕರೆಯುತ್ತಿತ್ತು.

"ಇಂಪನಾ."

ಮತ್ತೆ ಎರಡು ಚಪ್ಪಾಳೆ. ಮತ್ತೆ ಹೆಸರು. ಪ್ರತಿ ಹೆಸರಿನ ನಡುವೆ ಟಿಕ್ ಎಂದು ಕದ ತೆರೆದುಕೊಂಡು ಉಸಿರು ಬಿಡುತ್ತಿತ್ತು, ಟಿಕ್ ಎಂದು ತಿರುಗಿ ಮಾತು ಕೊಡುತ್ತಿತ್ತು. ನಿಖತ್ ದಾಖಲೆ ಮಾಡಿಕೊಳ್ಳಬೇಕೆಂದು ತಂದ ಯಂತ್ರವನ್ನು ಆನ್ ಮಾಡುವುದನ್ನೇ ಮರೆತಳು. ಜುಂಜಣ್ಣ ಗಾಳಿ ಯಂತ್ರ ಆರಿಸಿ ಬಂದು ಗೋಡೆಗೊರಗಿ ನಿಂತ. ಟ್ರಾಕ್ಟರಿನವನು ಕಾಯುತ್ತಿದ್ದ, ಕಾಯಲಿ.

*

ಫಾರಮ್ಮಿಗೆ ನಲವತ್ತಮೂರನೆಯ ಪ್ರಶ್ನೆ ಸೇರಿತು. 'ನಿಮ್ಮ ಹತ್ತಿರ ಪಿನ್ನು ಇದೆಯೇ? ಎಲ್ಲಿ ಸಿಕ್ಕಿಸುತ್ತೀರಿ?' ಅದರ ಜೊತೆಗೆ ಪ್ರತಿಯೊಬ್ಬರಿಗೂ ಅಯಸ್ಕಾಂತಕ್ಕೆ ಅಂಟದ ಐದು ಹಿತ್ತಾಳೆಯ ಪಿನ್ನು ಕೊಡುವ ಪದ್ಧತಿಯೂ ಶುರುವಾಯಿತು. ಅವನ್ನು ಬಗ್ಗಿಸಿ ಮಾಡುವ ಕೆಲಸ ಸರ್ವಮಂಗಳಮ್ಮ ತಾವೇ ಬೇಡಿ ತೆಗೆದುಕೊಂಡರು. ಹೇಮಾವತಿಗೆ ಮೊದಲ ಐದು ಹೋದವು. ಹಳೆಯ ಐದು ಸರ್ವಮಂಗಳಮ್ಮನ ಬಳೆಗೆ ವಾಪಸು ಬಂದವು, ಶಿವನಂಜಪ್ಪನ ಪೈಜಾಮಕ್ಕೂ ಲಾಡಿ ಬಂತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಸರ್ವಮಂಗಳಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಮೊಬೈಲು ಹೊಡೆದುಕೊಂಡಿತು. ಹೇಮಾವತಿಯ ಹೆಸರು. ಅವಳಿಂದ ಯಾವತ್ತೂ ಬರುತ್ತಿದ್ದದ್ದು ಸಂದೇಶ. ಫೋನು ಇದೇ ಮೊದಲು.

"ಅಕ್ಕಾ, ನಾನು," ಎಂದಿತು ಒರಟು ದನಿ. "ಗಂಟಲು ನೋಯ್ತೈತೆ."

ಸರ್ವಮಂಗಳಮ್ಮ ಮೊರ ಪಕ್ಕಕ್ಕೆ ಸರಿಸಿದರು. "ಯಾಕವ್ವ? ಏನಾಯ್ತು? ಪದಕ ಸರಿಯಾಗೈತಾ?"

"ಪದಕ ಚೆನ್ನಾಗೈತೆ. ಕೂಗಿ ಕೂಗಿ ನೋಯ್ತೈತೆ. ಈ ನಿಮ್ಮ ಮೊಮ್ಮಗಳು ಒಂದ್ಸಲ ಕರೆದ್ರೆ ಬರಲ್ಲ ಅಕ್ಕಾ. ಹತ್ತು ಸಲ ಕರೀಬೇಕು. ಅಲ್ಲೇ ಬಾಗಿಲ ಹಿಂದೆ ಬಚ್ಚಿಟ್ಕಂಡಿರ್ತಾಳೆ, ಕೇಳುಸ್ತಾ ಇರ್ತದೆ, ಬರಲ್ಲ. ಯಾಕೆ ಅಂದ್ರೆ, ಇನ್ನೊಂದ್ಸಲ ಕರೀಲಿ ಅಂತ ಸುಮ್ಕಿದ್ದೆ ಅಂತಾಳೆ."

ಸರ್ವಮಂಗಳಮ್ಮ ಫೋನಿನ ಸ್ಪೀಕರ್ ಗುಂಡಿ ಒತ್ತಿ ಅದನ್ನು ಅವರೆಕಾಯಿಯ ಮೊರದಲ್ಲಿಟ್ಟು, ಗಂಡನನ್ನು ಕೈಸನ್ನೆಯಿಂದ ಹತ್ತಿರ ಕರೆದರು. ಇಬ್ಬರೂ ಬಗ್ಗಿ ಕೇಳಿಸಿಕೊಂಡರು. ಕಳ್ಳಂಬೆಳ್ಳದ ಆ ಮನೆಯಲ್ಲಿ ಹೇಮಾವತಿ ಹನ್ನೊಂದನೆಯ ಸಲ ಮಗಳ ಹೆಸರು ಕೂಗುತ್ತಿದ್ದಳು.